ಹಸಿರು ಚಹಾ, ಉರಿಯೂತ ಮತ್ತು ಜೀನುಗಳು

ಕೇಳುಗರಿಗೆ ನಮಸ್ಕಾರ. ಹಸಿರು ಚಹಾ ಕುಡಿದರೆ ನಮ್ಮ ಜೀನುಗಳೇ ಬದಲಾಗುತ್ತವೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹಾಗೇನೂ ಆಗುವುದಿಲ್ಲ. ತಂದೆತಾಯಿಗಳಿಂದ ಬಂದ ಡಿಎನ್‌ಎಯ ಬರಹವನ್ನು ಚಹಾ ತಿದ್ದುವುದಿಲ್ಲ. ಆ ಬರಹದ ಯಾವ ಭಾಗವನ್ನು ಜೀವಕೋಶವು ಎಷ್ಟು ಓದುತ್ತದೆ ಎಂಬುದರ ಮೇಲೆ ಅದು ಪ್ರಭಾವ ಬೀರಬಹುದೇ ಎಂಬುದಷ್ಟೇ ವಿಜ್ಞಾನಿಗಳ ಮುಂದಿರುವ ಪ್ರಶ್ನೆ.

ಕಪ್ಪು ಚಹಾ ಮತ್ತು ಹಸಿರು ಚಹಾ ಎರಡೂ ಒಂದೇ ಜಾತಿಯ ಗಿಡದ ಎಲೆಗಳು. ಹಸಿರು ಚಹಾಕ್ಕಾಗಿ ಕೊಯ್ದ ಎಲೆಗಳನ್ನು ಬೇಗನೆ ಹಬೆಗೆ ಹಿಡಿಯುತ್ತಾರೆ ಅಥವಾ ಬಾಣಲೆಯಲ್ಲಿ ಹುರಿಯುತ್ತಾರೆ. ಆ ಶಾಖಕ್ಕೆ ಎಲೆಯೊಳಗಿನ ಕಿಣ್ವಗಳು ನಿಷ್ಕ್ರಿಯವಾಗುವುದರಿಂದ, ಕ್ಯಾಟೆಚಿನ್ ಎಂಬ ಒಗರು ಪದಾರ್ಥಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಅವುಗಳಲ್ಲಿ ಮುಖ್ಯವಾದುದು ಇಜಿಸಿಜಿ.

ಇನ್ನು ಉರಿಯೂತದ ವಿಷಯ. ಗಾಯವಾದಾಗ ಅಥವಾ ಸೋಂಕು ತಗುಲಿದಾಗ ಆ ಭಾಗ ಕೆಂಪಾಗಿ ಊದಿಕೊಳ್ಳುವುದು ದೇಹದ ರಕ್ಷಣಾ ಕ್ರಮವೇ ಆಗಿದೆ. ಕಾರಣ ತೀರಿದ ಮೇಲೂ ಅದು ಶಮನವಾಗದೆ ವರ್ಷಗಟ್ಟಲೆ ಮುಂದುವರಿದರೆ ತೊಂದರೆ. ಈ ಕ್ರಿಯೆಯನ್ನು ಆರಂಭಿಸುವ ಪ್ರೋಟೀನುಗಳಲ್ಲಿ 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಗುರುತಿಸಿದ ಎನ್‌ಎಫ್ ಕಪ್ಪಾ ಬಿ ಪ್ರಮುಖವಾದುದು. ಸಾಮಾನ್ಯ ಸ್ಥಿತಿಯಲ್ಲಿ ಮತ್ತೊಂದು ಪ್ರೋಟೀನು ಕಾವಲುಗಾರನಂತೆ ಅದನ್ನು ಕೋಶಕೇಂದ್ರದ ಹೊರಗೇ ಹಿಡಿದಿಟ್ಟಿರುತ್ತದೆ. ಅಪಾಯದ ಸಂಕೇತ ಬಂದೊಡನೆ ಒಂದು ಕಿಣ್ವವು ಆ ಕಾವಲು ಪ್ರೋಟೀನಿಗೆ ಗುರುತು ಹಚ್ಚುತ್ತದೆ, ಅದು ನಾಶವಾಗುತ್ತದೆ, ಬಿಡುಗಡೆಗೊಂಡ ಎನ್‌ಎಫ್ ಕಪ್ಪಾ ಬಿ ಕೋಶಕೇಂದ್ರವನ್ನು ಹೊಕ್ಕು ಡಿಎನ್‌ಎಗೆ ಅಂಟಿಕೊಂಡು, ಇಂಟರ್‌ಲ್ಯೂಕಿನ್ 6, ಟಿಎನ್‌ಎಫ್ ಆಲ್ಫಾ ಮೊದಲಾದ ಉರಿಯೂತಕಾರಕಗಳ ಜೀನುಗಳನ್ನು ಚಾಲನೆಗೊಳಿಸುತ್ತದೆ. ಗುರುತು ಹಚ್ಚುವ ಆ ಕಿಣ್ವವನ್ನೇ ಇಜಿಸಿಜಿ ತಡೆಯುವುದು ಪ್ರಯೋಗಾಲಯದ ಜೀವಕೋಶಗಳಲ್ಲಿ ಕಂಡುಬಂದಿದೆ.

ಡಿಎನ್‌ಎಗೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಅಂಟಿಕೊಂಡು ಕೆಲವು ಜೀನುಗಳು ಮೌನವಾಗುವುದೂ ಉಂಟು. ಅವನ್ನು ಅಂಟಿಸುವ ಕಿಣ್ವಕ್ಕೆ ಇಜಿಸಿಜಿ ಅಡ್ಡಿಯಾದಾಗ, ಅನ್ನನಾಳದ ಕ್ಯಾನ್ಸರ್ ಕೋಶಗಳಲ್ಲಿ ಮುಚ್ಚಿಹೋಗಿದ್ದ ಕೆಲವು ಜೀನುಗಳು ಮತ್ತೆ ಕೆಲಸ ಆರಂಭಿಸಿದವೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಇಲ್ಲಿಯವರೆಗೆ ಎಲ್ಲವೂ ಉತ್ಸಾಹ ತರುವಂಥದ್ದೇ. ಆದರೆ ಗಾಜಿನ ತಟ್ಟೆಯ ಜೀವಕೋಶಗಳಿಗೆ ಸಾಮಾನ್ಯವಾಗಿ ಹತ್ತಾರು ಮೈಕ್ರೋಮೋಲಾರ್ ಸಾಂದ್ರತೆಯ ಇಜಿಸಿಜಿ ಹಾಕಲಾಗುತ್ತದೆ. ಒಂದೆರಡು ಲೋಟ ಚಹಾ ಕುಡಿದವರ ರಕ್ತದಲ್ಲಿ ಅದು ಒಂದು ಮೈಕ್ರೋಮೋಲಾರನ್ನೂ ಮುಟ್ಟುವುದಿಲ್ಲ. ಕರುಳು ಹೀರಿಕೊಳ್ಳುವುದೇ ಅಲ್ಪ, ಹೀರಿದ್ದರಲ್ಲೂ ಬಹುಭಾಗ ಬೇಗನೆ ರೂಪಾಂತರಗೊಂಡು ಹೊರಹೋಗುತ್ತದೆ. ಸಾಲದ್ದಕ್ಕೆ, ಕೋಶಗಳನ್ನು ಬೆಳೆಸುವ ದ್ರವದಲ್ಲಿ ಇಜಿಸಿಜಿ ತಾನೇ ಒಡೆದು ಹೈಡ್ರೋಜನ್ ಪೆರಾಕ್ಸೈಡನ್ನು ಉಂಟುಮಾಡುವುದರಿಂದ, ಕಂಡ ಪರಿಣಾಮಗಳಲ್ಲಿ ಚಹಾದ ಪಾಲೆಷ್ಟು, ಈ ಪೆರಾಕ್ಸೈಡಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿಯ ಮಟ್ಟ ಕೆಲವೆಡೆ ಇಳಿದಿದೆ, ಕೆಲವೆಡೆ ಕದಲಿಯೇ ಇಲ್ಲ. ನನ್ನ ದೃಷ್ಟಿಯಲ್ಲಿ, ಜೀನುಗಳ ಹೆಸರಿನಲ್ಲಿ ಚಹಾವನ್ನು ಔಷಧಿಯೆಂದು ಕರೆಯಲು ಇಷ್ಟು ಆಧಾರ ಸಾಲದು.

ಹಾಗಾದರೆ ಸಾರವನ್ನೇ ಮಾತ್ರೆಯಾಗಿಸಿ ಹೆಚ್ಚು ಸೇವಿಸಬಹುದಲ್ಲ ಎಂದು ಕೆಲವರಿಗೆ ಅನ್ನಿಸೀತು. ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿಯನ್ನು ಪೂರಕಗಳ ರೂಪದಲ್ಲಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯ ಸೂಚನೆಗಳು ಕಾಣಿಸಿಕೊಳ್ಳಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಕುದಿನೀರಿನಲ್ಲಿ ಎಲೆ ನೆನೆಸಿ ಕುಡಿಯುವ ಚಹಾ ಸಾಮಾನ್ಯವಾಗಿ ಸುರಕ್ಷಿತವೆಂದೇ ಅದು ಹೇಳಿದೆ.