ತಲೆಗೆ ಪೆಟ್ಟಾದ ಮೇಲೆ ಮೂತ್ರದ ಹಿಡಿತ ಯಾಕೆ ತಪ್ಪುತ್ತೆ?

(ದಾವಣಗೆರೆಯಲ್ಲಿ ರೋಗಿಗಳ ಮನೆಯವರಿಗಾಗಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಈ ವಿಷಯ ಮಾತಾಡ್ತೀನಿ ಅಂದಾಗ ಸಂಘಟಕರಿಗೆ ಸ್ವಲ್ಪ ಮುಜುಗರ ಆಯ್ತು. ಬ್ಯಾನರ್ ಮೇಲೆ ‘ನರರೋಗಿಗಳ ಆರೈಕೆ’ ಅಂತ ಬರೆಸಿದಾರೆ. ಇರಲಿ ಬಿಡಿ, ನಾನು ಮಾತಾಡೋದು ಒಂದಕ್ಕೆ ಹೋಗೋ ವಿಷಯವನ್ನೇ.

ನಮ್ಮೂರು ಹೆದ್ದಾರಿ 48ರ ಮೇಲಿದೆ. ಹರಿಹರದ ಕಡೆಯಿಂದ, ಚಿತ್ರದುರ್ಗದ ಕಡೆಯಿಂದ ಬೈಕಿನಲ್ಲಿ ಬಿದ್ದು ತಲೆಗೆ ಪೆಟ್ಟಾದವರು ಇಲ್ಲಿಗೇ ಬರ್ತಾರೆ. ಲಕ್ವ ಹೊಡೆದವರು, ಬಿಪಿ ಏರಿ ಮೆದುಳಲ್ಲಿ ರಕ್ತ ಸೋರಿದವರು ಬೇರೆ. ಐಸಿಯು ದಾಟಿ ಮನೆಗೆ ಹೋದ ಮೇಲೆ ಮನೆಯವರು ಕೈ ಯಾವಾಗ ಎತ್ತುತಾರೆ, ಮಾತು ಯಾವಾಗ ಬರುತ್ತೆ ಅಂತ ಧಾರಾಳವಾಗಿ ಕೇಳ್ತಾರೆ. ಹಾಸಿಗೆ ಒದ್ದೆ ಆಗೋದನ್ನ ಮಾತ್ರ ಎದ್ದು ಹೊರಟ ಮೇಲೆ, ಬಾಗಿಲ ಹತ್ತಿರ ನಿಂತು, ದನಿ ತಗ್ಗಿಸಿ ಕೇಳ್ತಾರೆ.

ಜಗಳೂರು ಕಡೆಯ ಒಬ್ಬ ತಾಯಿ ಹಾಗೇ ಕೇಳಿದ್ದರು. ‘ಬೇಕಂತ್ಲೇ ಮಾಡ್ತಾನೆ ಸಾರ್. ಈಗ ತಾನೇ ಕೇಳಿದ್ದೆ, ಬರ್ತೈತೇನಪ್ಪಾ ಅಂತ. ಇಲ್ಲ ಅಂದ. ಒಳಗೋಗಿ ಹಾಲು ಇಳಿಸಿ ಬರೋದ್ರಾಗೆ ಎಲ್ಲಾ ಒದ್ದೆ.’ ಹುಡುಗ ಪಕ್ಕದಲ್ಲೇ ತಲೆ ಬಗ್ಗಿಸಿ ಕೂತಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಕೇಳಿದಾಗ ನಿಜವಾಗಿಯೂ ಬಂದಿರಲಿಲ್ಲ.

ಇದು ಹೇಗೆ ಅಂತ ನೋಡೋಣ. ದೊಡ್ಡವರ ಮೂತ್ರಕೋಶ ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತೆ. 150–200 ಆಗುತ್ತಿದ್ದ ಹಾಗೆ ಮೊದಲ ಸುಳಿವು ಸಿಗುತ್ತೆ. ಅಲ್ಲಿಂದಾಚೆ ನಾವು ಬಸ್ಸಿಳಿಯೋವರೆಗೂ, ಪೂಜೆ ಮುಗಿಯೋವರೆಗೂ ತಡೆದುಕೊಳ್ತೀವಿ. ಈ ತಡೆಯೋ ಕೆಲಸ ಮೂತ್ರಕೋಶದ್ದಲ್ಲ, ಮೆದುಳಿನದು. ಮಿದುಳು ಕಾಂಡದಲ್ಲಿ ‘ಈಗ ಬಿಡು’ ಅಂತ ಆಜ್ಞೆ ಕೊಡೋ ಒಂದು ಕೇಂದ್ರ ಇದೆ. ಬ್ಯಾರಿಂಗ್ಟನ್ ಅನ್ನೋ ಬ್ರಿಟಿಷ್ ವೈದ್ಯ 1925ರಲ್ಲಿ ಬೆಕ್ಕುಗಳಲ್ಲಿ ಅದನ್ನು ಗುರುತಿಸಿದ. ಹಣೆಯ ಹಿಂದಿನ ಭಾಗ, ಅಂದರೆ ಮುಂಭಾಗದ ಮೆದುಳು, ಆ ಕೇಂದ್ರಕ್ಕೆ ‘ತಾಳು, ಜಾಗ ಸಿಗಲಿ’ ಅಂತ ಕಡಿವಾಣ ಹಾಕಿರುತ್ತೆ. ಬೈಕಿಂದ ಬಿದ್ದಾಗ ಬಹಳ ಸಲ ಪೆಟ್ಟು ತಿನ್ನೋದು ಇದೇ ಭಾಗ. ಕಡಿವಾಣ ಸಡಿಲವಾದರೆ ಮೂತ್ರಕೋಶ ಅರ್ಧ ತುಂಬಿದಾಗಲೇ ತಾನಾಗಿ ಹಿಂಡಿಕೊಳ್ಳುತ್ತೆ. ಸುಳಿವಿಗೂ ಒದ್ದೆಗೂ ನಡುವೆ ಅರ್ಧ ಗಂಟೆ ಇದ್ದದ್ದು ಒಂದು ನಿಮಿಷಕ್ಕೆ ಇಳಿಯುತ್ತೆ.

1964ರಲ್ಲಿ ಆಂಡ್ರ್ಯೂ ಮತ್ತು ನೇಥನ್ ಅನ್ನೋ ವೈದ್ಯರು ಇಂಥ ರೋಗಿಗಳ ಬಗ್ಗೆ ಬರೆದರು. ಅವರು ಗಮನಿಸಿದ ಒಂದು ಸಂಗತಿ ನನಗೆ ಬಹಳ ಮುಖ್ಯ. ಆ ರೋಗಿಗಳು ಪರಿವೆಯಿಲ್ಲದೆ ಇದ್ದವರಲ್ಲ. ಒದ್ದೆ ಆದಾಗ ನಾಚಿಕೆಪಟ್ಟುಕೊಳ್ತಿದ್ದವರು. ಹಟ, ಸೋಮಾರಿತನ ಅಂತ ಬೈಯೋ ಮುಂಚೆ ಇದೊಂದು ನೆನಪಿರಲಿ.

ಆದರೆ ಮೊದಮೊದಲು ಇದರ ಉಲ್ಟಾ ಆಗಬಹುದು. ಪೆಟ್ಟಾದ ಆರಂಭದಲ್ಲಿ ಮೂತ್ರಕೋಶ ಮಂಕಾಗಿ, ಮೂತ್ರ ಕಟ್ಟಿಕೊಳ್ಳುತ್ತೆ. ಪೈಪ್ ಹಾಕೋದು ಅದಕ್ಕೇ. ಪೈಪ್ ಅಗತ್ಯ ಇರೋವರೆಗೆ ಮಾತ್ರ ಇರಲಿ, ಅನುಕೂಲ ಅಂತ ಉಳಿಸಿಕೊಳ್ಳಬೇಡಿ. ಒಂದೊಂದು ದಿನ ಹೆಚ್ಚಾದಷ್ಟೂ ಸೋಂಕಿನ ಸಂಭವ ಹೆಚ್ಚು. ಆಟೋದಲ್ಲಿ ಕೂರಿಸುವಾಗ ಯೂರಿನ್ ಬ್ಯಾಗನ್ನ ರೋಗಿಯ ಹೊಟ್ಟೆ ಮೇಲೆ ಇಟ್ಟುಬಿಡ್ತಾರೆ, ದಿನಾ ನೋಡ್ತೀನಿ. ಬ್ಯಾಗಿನ ಮೂತ್ರ ವಾಪಸ್ ಒಳಗೆ ಹರಿಯುತ್ತೆ. ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು.

ಪೈಪ್ ತೆಗೆದ ಮೇಲೆ ಸ್ಕ್ಯಾನಿಂಗ್ ಮಾಡಿಸಿ, ಮೂತ್ರ ಹೋದ ಮೇಲೂ ಒಳಗೆ ಎಷ್ಟು ಉಳಿದಿದೆ ಅಂತ ನೋಡಿಸಿ. ಈ ಹೆಜ್ಜೆ ಬಿಟ್ಟುಹೋಗೋದು ಜಾಸ್ತಿ. ತೊಟ್ಟು ತೊಟ್ಟು ಸೋರ್ತಾ ಇದೆ ಅಂದರೆ ಮೂತ್ರಕೋಶ ಖಾಲಿ ಅಂತಲ್ಲ, ತುಂಬಿ ಉಕ್ಕುತ್ತಿರಲೂಬಹುದು. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ದಪ್ಪ ಆಗಿದ್ದರಂತೂ ಅನುಮಾನ ಪಡಲೇಬೇಕು. ಅಂಥವರಿಗೆ ಮೂತ್ರ ಹಿಡಿದುಕೊಳ್ಳೋ ಮಾತ್ರೆ ಕೊಟ್ಟರೆ ಪೂರ್ತಿ ಕಟ್ಟಿಹೋಗಬಹುದು.

ಬೆನ್ನುಹುರಿಗೆ ಪೆಟ್ಟಾದವರ ಲೆಕ್ಕವೇ ಬೇರೆ. ಅವರಲ್ಲಿ ಮೂತ್ರಕೋಶ ಹಿಂಡೋ ಹೊತ್ತಿಗೇ ಬಾಯಿ ಮುಚ್ಚಿಕೊಂಡು ಕಿಡ್ನಿಗೆ ಅಪಾಯ ಆಗಬಹುದು. ಅದು ಇವತ್ತಿನ ವಿಷಯ ಅಲ್ಲ.

ಈಗ ಮನೆಯಲ್ಲಿ ಮಾಡೋದೇನು? ‘ಬರ್ತಾ ಇದೆಯಾ’ ಅಂತ ಕೇಳೋದನ್ನ ಬಿಡಿ. ಗಡಿಯಾರ ನೋಡಿ ಕರೆದುಕೊಂಡು ಹೋಗಿ. ಎದ್ದಿರೋ ಹೊತ್ತಲ್ಲಿ ಎರಡು ಗಂಟೆಗೊಮ್ಮೆ, ಜೊತೆಗೆ ಊಟ ಆದ ಮೇಲೆ, ಮಲಗೋ ಮುಂಚೆ. ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಹೋದರು, ಎಷ್ಟು ಹೋಯ್ತು, ಯಾವಾಗ ಒದ್ದೆ ಆಯ್ತು, ಎಷ್ಟು ಕುಡಿದರು. ಅಳತೆಗೆ ಹಳೇ ಪ್ಲಾಸ್ಟಿಕ್ ಜಗ್ಗಿಗೆ ಗೆರೆ ಹಾಕಿಕೊಂಡರೂ ಸಾಕು. ಒಂದೂವರೆ ಗಂಟೆಗೇ ಒದ್ದೆ ಆಗ್ತಿದ್ದರೆ ಒಂದೂಕಾಲಿಗೆ ಕರೆದೊಯ್ಯಿರಿ. ನಾಲ್ಕು ದಿನ ಒದ್ದೆ ಆಗದೆ ಕಳೆದರೆ ನಡುವಿನ ಅಂತರವನ್ನ ಕಾಲು ಗಂಟೆ ಹಿಗ್ಗಿಸಿ.

ಜಗಳೂರಿನ ಆ ಹುಡುಗನಿಗೆ ಇನ್ನೊಂದು ತೊಡಕಿತ್ತು. ಪೈಜಾಮದ ಲಾಡಿ. ಬಲಗೈ ಆಡುತ್ತಿರಲಿಲ್ಲ, ಎಡಗೈಲಿ ಗಂಟು ಬಿಚ್ಚೋ ಹೊತ್ತಿಗೆ ಆಗಿಹೋಗ್ತಿತ್ತು. ಎಲಾಸ್ಟಿಕ್ ಚಡ್ಡಿ ಹಾಕಿಸಿ, ಮಂಚದ ಎಡಗಡೆ ಯೂರಿನ್ ಪಾಟ್ ಇಡಿ ಅಂದೆ. ಹಗಲಿನ ಒದ್ದೆ ಅರ್ಧಕ್ಕರ್ಧ ಕಡಿಮೆ ಆಯ್ತು, ಒಂದು ಮಾತ್ರೆಯೂ ಇಲ್ಲದೆ. ಮಾತು ಬರದವರು ಚಡಪಡಿಸ್ತಾರೆ, ಹೊದಿಕೆ ಕಿತ್ತೆಸೀತಾರೆ. ಅದನ್ನೇ ಕರೆ ಅಂತ ತಿಳಿದುಕೊಳ್ಳಿ.

ನೀರು ನಿಲ್ಲಿಸಬೇಡಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಆ ತಪ್ಪು ಬಹಳ ದುಬಾರಿ. ಮೂತ್ರ ಗಟ್ಟಿಯಾಗಿ ಉರಿ ಬರುತ್ತೆ, ಮಲಬದ್ಧತೆ ಆಗುತ್ತೆ, ತುಂಬಿದ ಕರುಳು ಮೂತ್ರಕೋಶವನ್ನೇ ಒತ್ತುತ್ತೆ. ಹಾರ್ಟು, ಕಿಡ್ನಿ ತೊಂದರೆ ಇಲ್ಲದವರಿಗೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕೇ ಬೇಕು. ಹೆಚ್ಚಿನ ಪಾಲು ಬೆಳಗ್ಗೆ, ಮಧ್ಯಾಹ್ನ ಕೊಡಿ. ಸಂಜೆ ಮಂಡಕ್ಕಿ-ಮಿರ್ಚಿ ಜೊತೆಗಿನ ಎರಡನೇ ಟೀ ಮಾತ್ರ ಬಿಡಿಸಿ, ಬೈದುಕೊಂಡರೂ ಪರವಾಗಿಲ್ಲ.

ಮಾತ್ರೆಗಳ ವಿಚಾರ. ಆಕ್ಸಿಬ್ಯುಟಿನಿನ್ ಥರದವು ಮೂತ್ರಕೋಶವನ್ನ ಸುಮ್ಮನಾಗಿಸುತ್ತವೆ, ಆದರೆ ಮರೆವು, ಗೊಂದಲ, ಮಲಬದ್ಧತೆ ಹೆಚ್ಚಿಸಬಹುದು. ಮೊದಲೇ ಪೆಟ್ಟು ತಿಂದ ಮೆದುಳಿಗೆ ಅದು ಭಾರ. ಮಿರಾಬೆಗ್ರಾನ್‌ಗೆ ಆ ತೊಂದರೆ ಕಡಿಮೆ, ಬಿಪಿ ನೋಡ್ತಿರಬೇಕು. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್ ಶಾಪಲ್ಲಿ ತಗೋಬೇಡಿ.

ಚಳಿಜ್ವರ, ಮೂತ್ರದಲ್ಲಿ ರಕ್ತ, ಆರೆಂಟು ಗಂಟೆ ಮೂತ್ರ ಹೋಗದೆ ಕೆಳಹೊಟ್ಟೆ ಉಬ್ಬಿದ್ದು, ಚುರುಕಾಗಿದ್ದವರು ದಿಢೀರ್ ಮಂಪರಾಗಿದ್ದು, ಬಿಂದಿಗೆಗಟ್ಟಲೆ ಮೂತ್ರ ಹೋಗಿ ತಡೆಯಲಾರದ ದಾಹ: ಇವುಗಳಲ್ಲಿ ಯಾವುದೇ ಇದ್ದರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆತನ್ನಿ.

ಇನ್ನು ನಿಮ್ಮ ಪ್ರಶ್ನೆಗಳು. ಎದ್ದು ಕೇಳೋಕೆ ಸಂಕೋಚ ಆದರೆ ಚೀಟಿಯಲ್ಲಿ ಬರೆದು ಕಳಿಸಿ, ಹೆಸರು ಹಾಕೋದು ಬೇಡ.