ದಾಸನ ವೇಷದಲ್ಲಿ ಲಂಕೆಗೆ ಹೋದ ಗುರು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಸಂತ ಜೋಸೆಫ್ ವಾಜ್ ಬಗ್ಗೆ ಮಾತಾಡೋಣ ಅಂತ ಬಂದಿದೀನಿ. ಮಂಗಳೂರು ಉಡುಪಿ ಕಡೆ ಕಥೋಲಿಕರ ಮನೆಗಳಲ್ಲಿ ಎಲ್ರಿಗೂ ಗೊತ್ತಿರೋ ಹೆಸರು, ಆದ್ರೆ ಘಟ್ಟದ ಮೇಲೆ ಎಷ್ಟೋ ಜನ ಕೇಳೇ ಇಲ್ಲ, ನಂಗೆ ಅದೇ ಬೇಜಾರು, ಯಾಕಂದ್ರೆ ಇವ್ರು ನಮ್ಮ ಕರಾವಳಿಯಲ್ಲೇ ಬರಿಗಾಲಲ್ಲಿ ಓಡಾಡಿದವ್ರು.

ಹುಟ್ಟಿದ್ದು 1651ರ ಏಪ್ರಿಲ್ 21, ಗೋವಾದ ಬೆನಾವ್ಲಿಯಲ್ಲಿ, ತಾಯಿಯ ಊರಲ್ಲಿ. ಮನೆಮಾತು ಕೊಂಕಣಿ. 1676ರಲ್ಲಿ ಗುರುದೀಕ್ಷೆ ಆಯ್ತು, ಅಂದ್ರೆ ಪಾದ್ರಿ ಆದ್ರು. ಮುಂದಿನ ವರ್ಷ ಆಗಸ್ಟ್ 5ಕ್ಕೆ ಒಂದು ಪತ್ರ ಬರೆದ್ರು, ಇನ್ಮೇಲೆ ನಾನು ಯೇಸುವಿನ ತಾಯಿ ಮರಿಯಮ್ಮನ ದಾಸ ಅಂತ. ಬಾಯಿಮಾತಿನ ಹರಕೆ ಅಲ್ಲ ಅದು, ಜೀತಪತ್ರದ ಥರ ಬರೆದು ಸಹಿ ಹಾಕಿದ್ದು. ಆಗಿನ ಗೋವಾದಲ್ಲಿ ಮನುಷ್ಯರನ್ನ ಮಾರೋದು ಕೊಳ್ಳೋದು ನಡೀತಿತ್ತು, ಗುಲಾಮ ಅಂದ್ರೆ ಏನು ಅಂತ ಬೀದಿಯಲ್ಲೇ ಕಣ್ಣಿಗೆ ಬೀಳ್ತಿತ್ತು, ಅದನ್ನೆಲ್ಲ ನೋಡ್ಕೊಂಡೇ ಇವ್ರು ಆ ಪದ ಆರಿಸ್ಕೊಂಡ್ರು.

1681ರಲ್ಲಿ ಇವ್ರನ್ನ ಕೆನರಾ ಕಡೆಗೆ ಕಳಿಸಿದ್ರು, ಅಂದ್ರೆ ಈಗಿನ ನಮ್ಮ ಕರಾವಳಿ. ಆಗ ಇಲ್ಲಿ ಕೆಳದಿ ಚೆನ್ನಮ್ಮನ ಆಳ್ವಿಕೆ. ಕ್ರೈಸ್ತರ ಮಧ್ಯೆ ಒಂದು ದೊಡ್ಡ ಜಗಳ ಇತ್ತು, ಪೋರ್ಚುಗೀಸ್ ರಾಜನ ಕಡೆಯ ಗುರುಗಳದ್ದು ಒಂದು ಪಕ್ಷ, ರೋಮ್ ನೇಮಿಸಿದ ಬಿಷಪ್ಪರದ್ದು ಇನ್ನೊಂದು, ಯಾರ ಪೂಜೆಗೆ ಹೋಗೋದು ಅಂತ ಜನಕ್ಕೆ ಗೊಂದಲ. ವಾಜ್ ಇಬ್ರ ಜೊತೆನೂ ತಾಳ್ಮೆಯಿಂದ ಮಾತಾಡ್ತಾ, ಗಂಗೊಳ್ಳಿ ಬಸ್ರೂರು ಕಲ್ಯಾಣಪುರ ಮಂಗಳೂರು ಅಂತ ನಡ್ಕೊಂಡೇ ಊರೂರು ತಿರುಗಿದ್ರು. ಮಂಗಳೂರು ಹತ್ರ ಮುಡಿಪು ಗುಡ್ಡದಲ್ಲಿ ಅವ್ರು ಮೊಣಕಾಲೂರಿ ಪ್ರಾರ್ಥಿಸಿದ ಜಾಗದಲ್ಲಿ ನೀರು ಚಿಮ್ಮಿತು ಅಂತ ಜನ ಇವತ್ತಿಗೂ ನಂಬ್ತಾರೆ, ಅಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರ ಇದೆ.

ಆದ್ರೆ ಅವ್ರ ಮನಸ್ಸೆಲ್ಲ ಲಂಕೆ ಕಡೆ ಇತ್ತು. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನ ಅಲ್ಲಿಂದ ಓಡಿಸಿ ಕಥೋಲಿಕ ಗುರುಗಳು ಯಾರೂ ಕಾಲಿಡಬಾರದು ಅಂತ ಮಾಡಿದ್ರು. ಸುಮಾರು ಮೂವತ್ತು ವರ್ಷ ಪೂಜೆ ಇಲ್ಲ, ಪಾಪನಿವೇದನೆ ಇಲ್ಲ, ಸಾಯೋರಿಗೆ ಕೊನೆ ಪ್ರಾರ್ಥನೆ ಹೇಳೋರಿಲ್ಲ. ಒಂದು ತಲೆಮಾರೇ ಹಾಗೆ ಬೆಳೀತು ನೋಡಿ. ಗೋವಾದಲ್ಲಿ 1685ರಲ್ಲಿ ಊರಿನ ಗುರುಗಳದ್ದೇ ಒಂದು ಸಂಘ ಕಟ್ಟಿ, ಓರೆಟರಿ ಅಂತ, ಅದು ನಿಂತ್ಕೊಂಡ ಮೇಲೆ ಅದನ್ನೂ ಬಿಟ್ಟು ಹೊರಟ್ರು. ಜೊತೆಗೆ ಜಾನ್ ಅನ್ನೋ ಸೇವಕ ಒಬ್ಬ. 1687ರಲ್ಲಿ ಹರಕು ಬಟ್ಟೆ ಉಟ್ಟು, ಕೂಲಿಯವನ ಹಾಗೆ, ದಾಸನ ಹಾಗೆ ಲಂಕೆಯ ನೆಲ ಮುಟ್ಟಿದ್ರು. ಹತ್ತು ವರ್ಷದ ಹಿಂದೆ ಕಾಗದದ ಮೇಲೆ ಬರೆದಿದ್ದ ಮಾತನ್ನ ಈಗ ಮೈಮೇಲೆ ತೊಟ್ರಲ್ಲ, ಅದನ್ನ ನೆನೆಸಿದಾಗೆಲ್ಲ ನಂಗೆ ಗಂಟಲು ಕಟ್ಟುತ್ತೆ.

ಇಳಿದಿದ್ದೇ ತಡ ಭೇದಿ ಹಿಡೀತು, ಮಲಗಿದಲ್ಲೇ ಬಿದ್ದಿದ್ರು. ಚೇತರಿಸ್ಕೊಂಡ ಮೇಲೆ ಜಾಫ್ನಾದಲ್ಲಿ ಮನೆಮನೆ ಭಿಕ್ಷೆ ಎತ್ತಿದ್ರು. ಕಥೋಲಿಕರು ಯಾರು ಅಂತ ಕೇಳೋ ಹಾಗಿಲ್ಲ, ಕೇಳಿದ್ರೆ ಇಬ್ರಿಗೂ ಅಪಾಯ. ಅದಕ್ಕೆ ಕೊರಳಿಗೆ ಒಂದು ಜಪಸರ ಹಾಕ್ಕೊಂಡು ಬಾಗಿಲಲ್ಲಿ ನಿಲ್ತಿದ್ರಂತೆ, ಅಕ್ಕಿ ಹಾಕೋಕೆ ಬಂದವ್ರ ಕಣ್ಣು ಜಪಸರದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೆ ಅಂತ ನೋಡ್ತಿದ್ರು. ಹಾಗೇ ಒಂದು ಮನೆ ಸಿಕ್ತು, ಆಮೇಲೆ ಇನ್ನೊಂದು. ರಾತ್ರಿ ಹೊತ್ತು ಗುಟ್ಟಾಗಿ ಪೂಜೆ, ದೀಕ್ಷಾಸ್ನಾನ, ಬೆಳಗಾದ್ರೆ ಮತ್ತೆ ಭಿಕ್ಷುಕ.

1692ರಲ್ಲಿ, ಲಂಕೆಯಲ್ಲೇ ಡಚ್ಚರ ಹಿಡಿತಕ್ಕೆ ಸಿಗದೆ ಉಳಿದಿದ್ದ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸ್ ಗೂಢಚಾರ ಅಂತ ಸೆರೆಗೆ ಹಾಕಿದ್ರು. ಅಲ್ಲೇ ಕೂತು ಸಿಂಹಳ ಕಲಿತ್ರು. ಆಮೇಲೆ ಭಾರೀ ಬರ ಬಂತು, ಎರಡನೇ ವಿಮಲಧರ್ಮಸೂರ್ಯ ರಾಜ ಇವ್ರನ್ನೂ ಪ್ರಾರ್ಥನೆ ಮಾಡಿ ಅಂತ ಕೇಳಿದ, ಬಯಲಲ್ಲಿ ಶಿಲುಬೆ ನಿಲ್ಲಿಸಿ ಪ್ರಾರ್ಥಿಸಿದ್ರು, ಮಳೆ ಸುರೀತು ಅಂತ ಅವರ ಚರಿತ್ರೆ ಹೇಳುತ್ತೆ. ರಾಜ ರಾಜ್ಯವೆಲ್ಲ ಓಡಾಡೋಕೆ ಬಿಟ್ಟ, ಬೌದ್ಧ ರಾಜನೊಬ್ಬ ಕೊಟ್ಟ ಆಸರೆ ಅದು, ಮರೀಬಾರ್ದು.

ನನ್ನ ಮಟ್ಟಿಗೆ ಮಳೆಗಿಂತ ದೊಡ್ಡದು 1697ರ ಸಿಡುಬಿನ ಕಾಲ. ಊರು ಬಿಟ್ಟು ಓಡಿದವ್ರು ತಮ್ಮ ಮನೆಯ ರೋಗಿಗಳನ್ನೇ ಹಿಂದೆ ಬಿಟ್ಟು ಹೋದ್ರು. ವಾಜ್ ಮತ್ತೆ ಅವ್ರ ಜೊತೆಗಾರ ಗುರು ಜೋಸೆಫ್ ಕರ್ವಾಲೊ ಆ ರೋಗಿಗಳಿಗೆ ಗಂಜಿ ಕುಡಿಸಿದ್ರು, ಹುಣ್ಣು ತೊಳೆದ್ರು, ಸತ್ತವ್ರಿಗೆ ಗುಂಡಿ ತೋಡಿದ್ರು. ಯಾವ ಧರ್ಮ ಅಂತ ಕೇಳ್ಲಿಲ್ಲ. ಮುಂದೆ ದೊಡ್ಡ ಪದವಿ ಬಂದಾಗ ಬೇಡ ಅಂದ್ರು, ಗುರುವಾಗಿಯೇ ಉಳಿದ್ರು. ಆಮೇಲೆ ಗೋವಾದಿಂದ ಬಂದ ಗುರು ಜಾಕೋಮ್ ಗೊನ್ಸಾಲ್ವಿಸ್ ಸಿಂಹಳ ತಮಿಳು ಎರಡರಲ್ಲೂ ಪುಸ್ತಕ ಬರೆದು, ಆ ಜನರ ಪ್ರಾರ್ಥನೆಗೆ ಅವ್ರದ್ದೇ ಮಾತು ಕೊಟ್ರು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರ್ಕೊಂಡ್ರು, ಆಗ ವಯಸ್ಸು 59. ಸಂತ ಪದವಿ ಬಂದಿದ್ದು ಮುನ್ನೂರು ವರ್ಷ ದಾಟಿದ ಮೇಲೆ, 2015ರ ಜನವರಿ 14ಕ್ಕೆ, ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಪೋಪ್ ಫ್ರಾನ್ಸಿಸ್ ಘೋಷಿಸಿದ್ರು. ಅಷ್ಟೆಲ್ಲ ಆದ್ರೂ ಅವ್ರ ಸಮಾಧಿ ಕ್ಯಾಂಡಿಯಲ್ಲಿ ಎಲ್ಲಿತ್ತು ಅಂತ ಗುರುತೇ ಉಳಿದಿಲ್ಲ, ಹೂವಿಡೋಣ ಅಂದ್ರೆ ಒಂದು ಕಲ್ಲೂ ಇಲ್ಲ. ನಮಗೆ ಹತ್ರ ಇರೋದು ಮುಡಿಪು ಗುಡ್ಡ, ಜನವರಿ 16 ಅವ್ರ ಹಬ್ಬ. ಆ ಕಡೆ ಹೋದ್ರೆ ಸ್ವಲ್ಪ ಹೊತ್ತು ಕೂತು ಬನ್ನಿ. ನಮಸ್ಕಾರ.