ನದಿಯ ಎರಡು ದಡ: ಅಮೆರಿಕ, ಕೆನಡಾದ ವೀಸಾ ಮತ್ತು ಆಸ್ಪತ್ರೆ

ಎಲ್ಲರಿಗೂ ನಮಸ್ಕಾರ.

ಕೆನಡಾದ ವಿಂಡ್ಸರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ನರ್ಸ್ ಇದ್ದರು. ಬೆಳಗ್ಗೆ ಐದೂವರೆಗೆ ಅವರ ಕಾರು ಸ್ಟಾರ್ಟ್ ಆಗುವ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ನದಿಯ ಕೆಳಗಿನ ಸುರಂಗ ದಾಟಿ ಅಮೆರಿಕದ ಡೆಟ್ರಾಯಿಟಿನ ಆಸ್ಪತ್ರೆಗೆ ಡ್ಯೂಟಿಗೆ ಹೋಗುತ್ತಿದ್ದರು. ಸಂಬಳ ಅಮೆರಿಕದ ಡಾಲರಿನಲ್ಲಿ. ಆದರೆ ತಮ್ಮ ಮಂಡಿ ನೋವು ತೋರಿಸಿಕೊಳ್ಳುವುದು ಮಾತ್ರ ವಿಂಡ್ಸರಿನಲ್ಲೇ, ಓಂಟಾರಿಯೋ ಪ್ರಾಂತ್ಯದ ಸರ್ಕಾರಿ ವಿಮೆಯ ಹೆಲ್ತ್ ಕಾರ್ಡ್ ತೆಗೆದು. ಇವರೊಬ್ಬರೇ ಅಲ್ಲ, ಆಸ್ಪತ್ರೆ ಕೆಲಸಕ್ಕೆ ದಿನಾ ಹೀಗೆ ಗಡಿ ದಾಟುವವರು ಅಲ್ಲಿ ಬಹಳ ಜನ. 1994ರ ವ್ಯಾಪಾರ ಒಪ್ಪಂದದಿಂದ ಬಂದ ಟಿಎನ್ ಅನ್ನುವ, ಅಮೆರಿಕದಲ್ಲಿ ಕೆಲಸ ಮಾಡುವ ಪರವಾನಗಿ ಅವರಿಗೆ ಸಿಗುತ್ತದೆ. ಕೆಲಸ ಒಂದು ದೇಶದಲ್ಲಿ, ಕಾಯಿಲೆ ಇನ್ನೊಂದು ದೇಶದಲ್ಲಿ.

ನಾನು ಡೆಟ್ರಾಯಿಟ್ ಕಡೆ ಎಂಟು ವರ್ಷ, ವಿಂಡ್ಸರಿನಲ್ಲಿ ಆರು ವರ್ಷ ಇದ್ದವನು. "ಯಾವುದು ಒಳ್ಳೆಯದು, ಅಮೆರಿಕನಾ ಕೆನಡಾನಾ?" ಅಂತ ಜನ ಕೇಳುತ್ತಲೇ ಇರುತ್ತಾರೆ. ವೀಸಾ ವಿಷಯ ಬೇರೆ, ಆಸ್ಪತ್ರೆ ವಿಷಯ ಬೇರೆ ಅಂತ ಎರಡು ಪಟ್ಟಿ ಮಾಡಿಕೊಂಡು ಕೇಳುತ್ತಾರೆ. ನನಗೆ ಇವೆರಡೂ ಒಂದೇ ದಾರದ ಗಂಟಾಗಿ ಕಾಣುತ್ತವೆ. ಕಾಯಿಲೆ ಬಿದ್ದವರ ಖರ್ಚು ಯಾರ ತಲೆ ಮೇಲೆ ಅನ್ನುವುದಕ್ಕೆ ದೇಶ ಕೊಡುವ ಉತ್ತರವೇ, ಯಾರನ್ನು ಒಳಗೆ ಬಿಡಬೇಕು ಅನ್ನುವುದನ್ನೂ ಬಹಳ ಮಟ್ಟಿಗೆ ತೀರ್ಮಾನ ಮಾಡುತ್ತದೆ. ಇವತ್ತು ಆ ಗಂಟನ್ನು ಬಿಡಿಸುವ ಪ್ರಯತ್ನ ಮಾಡುತ್ತೇನೆ.

ಮೊದಲು ಅಮೆರಿಕ. ಅಲ್ಲಿ ದುಡಿಯುವ ವಯಸ್ಸಿನವರಿಗೆ ಇನ್ಶೂರೆನ್ಸ್ ಬರುವುದು ಹೆಚ್ಚಾಗಿ ಕಂಪನಿಯಿಂದ. ಇದನ್ನು ಯಾರೋ ಕೂತು ಯೋಚಿಸಿ ಮಾಡಿದ್ದಲ್ಲ. ಎರಡನೇ ಮಹಾಯುದ್ಧದ ಹೊತ್ತು, 1942ರಲ್ಲಿ, ಸಂಬಳ ಏರಿಸಬಾರದು ಅಂತ ಸರ್ಕಾರ ಕಟ್ಟುಪಾಡು ಹಾಕಿತು. ಕೆಲಸಗಾರರು ಸಿಗದ ಕಾಲ ಅದು. ಸಂಬಳ ಜಾಸ್ತಿ ಕೊಡುವ ಹಾಗಿಲ್ಲ, ಸರಿ, ನಿಮ್ಮ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತೇವೆ ಬನ್ನಿ ಅಂತ ಕಂಪನಿಗಳು ಕರೆದವು. ಕಂಪನಿ ಕಟ್ಟುವ ಆ ದುಡ್ಡಿಗೆ ತೆರಿಗೆ ಇಲ್ಲ ಅಂತ 1954ರಲ್ಲಿ ಕಾನೂನೇ ಆಯಿತು. ಯುದ್ಧ ಮುಗಿದು ಎಂಬತ್ತು ವರ್ಷವಾಯಿತು, ಆ ಏರ್ಪಾಟು ಹಾಗೇ ಉಳಿದಿದೆ.

ಆಮೇಲೆ 1965. ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್, ಮೆಡಿಕೇಡ್ ಅನ್ನುವ ಎರಡು ಸರ್ಕಾರಿ ಆರೋಗ್ಯ ವಿಮೆಗಳ ಕಾನೂನಿಗೆ ಸಹಿ ಹಾಕಿದರು. ಒಂದು 65 ದಾಟಿದವರಿಗೆ, ಇನ್ನೊಂದು ಬಡವರಿಗೆ. ಅದೇ ವರ್ಷ ಅಕ್ಟೋಬರ್ 3ರಂದು ಲಿಬರ್ಟಿ ದ್ವೀಪದಲ್ಲಿ ಹೊಸ ವಲಸೆ ಕಾನೂನಿಗೂ ಸಹಿ ಬಿತ್ತು. ಯುರೋಪಿನವರಿಗೇ ಮಣೆ ಹಾಕುತ್ತಿದ್ದ ಹಳೇ ಕೋಟಾ ಹೋಯಿತು. ನಮ್ಮಂಥವರಿಗೆ ಬಾಗಿಲು ತೆರೆದದ್ದು ಆ ಸಹಿಯೇ. ಈಗ ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ವರ್ಷಕ್ಕೆ ಸುಮಾರು 1,40,000. ಒಂದೇ ದೇಶದವರಿಗೆ ಶೇಕಡಾ 7ರ ಮಿತಿ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ಹಾಗಾಗಿಯೇ ನಮ್ಮವರ ಸರದಿ ದಶಕಗಟ್ಟಲೆ ಎಳೆಯುತ್ತದೆ. ಅಲ್ಲಿಯವರೆಗೂ ಎಚ್-1ಬಿ ಅನ್ನುವ ತಾತ್ಕಾಲಿಕ ಕೆಲಸದ ವೀಸಾ. ಅದು ಇರುವುದು ಕಂಪನಿಯ ಕೈಯಲ್ಲಿ. ಇನ್ಶೂರೆನ್ಸ್ ಕೂಡ ಕಂಪನಿಯದೇ.

ಈಗ ಗಂಟು ಕಾಣಿಸಿತಲ್ವಾ? ಅದು ಬಿಗಿಯುವುದು ಹೇಗೆ ಅಂತ ನಾನು ಕಣ್ಣಾರೆ ನೋಡಿದ್ದು ಸ್ನೇಹಿತನೊಬ್ಬನ ಮನೆಯಲ್ಲಿ. ಬುಧವಾರ ಬೆಳಗ್ಗೆ ಅವನಿಗೆ ಲೇಆಫ್ ಮೇಲ್ ಬಂತು. ಹೆಂಡತಿಗೆ ಏಳು ತಿಂಗಳು. ಸಂಜೆ ನಾವು ಹೋದಾಗ ಅಡುಗೆಮನೆಯ ಕ್ಯಾಲೆಂಡರ್ ಟೇಬಲ್ ಮೇಲಿತ್ತು. ಅವನು ಪೆನ್ಸಿಲಿನಲ್ಲಿ ದಿನ ಎಣಿಸುತ್ತಿದ್ದ. ಕೆಲಸ ಹೋದ ಮೇಲೆ ಎಚ್-1ಬಿ ಇರುವವರಿಗೆ 60 ದಿನ ಗಡುವು. ಅಷ್ಟರಲ್ಲಿ ಹೊಸ ಕೆಲಸ ಸಿಗಬೇಕು, ಇಲ್ಲವೇ ವೀಸಾ ಬದಲಾಯಿಸಬೇಕು, ಇಲ್ಲವೇ ದೇಶ ಬಿಡಬೇಕು. ಅರವತ್ತನೇ ದಿನಕ್ಕೆ ಒಂದು ಸುತ್ತು ಹಾಕಿದ. ಹೆರಿಗೆ ತಾರೀಕಿಗೆ ಇನ್ನೊಂದು ಸುತ್ತು. ನಡುವೆ ಐದೇ ದಿನ. ಕಂಪನಿಯ ಇನ್ಶೂರೆನ್ಸ್ ಆ ತಿಂಗಳ ಕೊನೆಗೇ ಮುಗಿಯುತ್ತಿತ್ತು. ಕೋಬ್ರಾ ಅನ್ನುವ ಕಾನೂನಿನ ಪ್ರಕಾರ ಅದನ್ನು ಮುಂದುವರಿಸಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿ ಪೂರ್ತಿ ಪ್ರೀಮಿಯಂ ನಾವೇ ಕಟ್ಟಬೇಕು, ಮೇಲೆ ಶೇಕಡಾ 2 ಬೇರೆ. ಸಂಬಳ ನಿಂತ ತಿಂಗಳೇ ಈ ಖರ್ಚು. ಹುಟ್ಟುವ ಮಗು ಆ ದೇಶದ ಪ್ರಜೆ, ಅಪ್ಪ ಅಮ್ಮ ದೇಶ ಬಿಡಬೇಕಾದವರು. ಐವತ್ತೆರಡನೇ ದಿನ ಅವನಿಗೆ ಕೆಲಸ ಸಿಕ್ಕಿತು. ಆ ಐವತ್ತೆರಡು ದಿನ ಅವನ ಹೆಂಡತಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಒಂದು ಮೇಲ್ ಬಂದರೆ ವೀಸಾ, ಔಷಧಿ ಎರಡೂ ಒಟ್ಟಿಗೆ ಅಲುಗಾಡುವ ಈ ವ್ಯವಸ್ಥೆ ತಪ್ಪು. ಇದನ್ನು ನಾನು ಸುತ್ತಿ ಬಳಸಿ ಹೇಳಲಾರೆ.

ಈಗ ಆಚೆ ದಡಕ್ಕೆ ಬರೋಣ. ಕೆನಡಾದ ಆರೋಗ್ಯ ವ್ಯವಸ್ಥೆಯ ಕಥೆ ಒಬ್ಬ ಹುಡುಗನ ಕಾಲಿನಿಂದ ಶುರುವಾಗುತ್ತದೆ. ಟಾಮಿ ಡಗ್ಲಸ್ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗಲೇ ಕುಟುಂಬ ವಿನಿಪೆಗ್‌ಗೆ ವಲಸೆ ಬಂತು. ಕಾಲಿನ ಮೂಳೆಗೆ ಸೋಂಕು ತಗುಲಿ, ಕಾಲು ಕತ್ತರಿಸಬೇಕು ಅನ್ನುವ ಹಂತಕ್ಕೆ ಹೋಗಿತ್ತು. ಒಳ್ಳೆಯ ಸರ್ಜನ್ ಹತ್ತಿರ ಹೋಗಲು ಮನೆಯಲ್ಲಿ ದುಡ್ಡಿಲ್ಲ. ತನ್ನ ವಿದ್ಯಾರ್ಥಿಗಳು ನಿಂತು ನೋಡುವುದಾದರೆ ಪುಕ್ಕಟೆ ಆಪರೇಷನ್ ಮಾಡುತ್ತೇನೆ ಅಂತ ಒಬ್ಬ ಸರ್ಜನ್ ಒಪ್ಪಿದ. ಕಾಲು ಉಳಿಯಿತು. ಒಂದು ಮಗುವಿನ ಕಾಲು ಹೀಗೆ ಅದೃಷ್ಟದ ಮೇಲೆ ನಿಲ್ಲಬಾರದು ಅಂತ ಡಗ್ಲಸ್‌ಗೆ ಆಗ ಮನಸ್ಸಿಗೆ ನಾಟಿದ್ದು, ಸಸ್ಕಾಚೆವನ್ ಪ್ರಾಂತ್ಯದ ಮುಖ್ಯಸ್ಥರಾದ ಮೇಲೆ 1947ರಲ್ಲಿ ಎಲ್ಲರಿಗೂ ಆಸ್ಪತ್ರೆ ವಿಮೆಯಾಗಿ ಬಂತು.

1962ರ ಜುಲೈ 1ರಿಂದ ಡಾಕ್ಟರ್ ಫೀಸಿಗೂ ಅದೇ ಏರ್ಪಾಟು. ಅವತ್ತೇ ಆ ಪ್ರಾಂತ್ಯದ ಡಾಕ್ಟರುಗಳು ಮುಷ್ಕರ ಹೂಡಿದರು. 23 ದಿನ ನಡೆಯಿತು. ಆಗ ಸರ್ಕಾರ ಬ್ರಿಟನ್ನಿನಿಂದ ಡಾಕ್ಟರುಗಳನ್ನು ಕರೆಸಿತು. ನನಗೆ ತುಂಬಾ ಇಷ್ಟವಾದ ಸಂಗತಿ ಇದು. ವಲಸೆ ಬಂದ ಮನೆಯ ಹುಡುಗ ಶುರು ಮಾಡಿದ್ದನ್ನು, ಕಷ್ಟ ಬಂದಾಗ ಹೊರಗಿಂದ ಬಂದ ಡಾಕ್ಟರುಗಳು ಕಾಪಾಡಿದರು. ಮುಂದೆ 1966ರಲ್ಲಿ ಇದು ದೇಶಕ್ಕೆಲ್ಲ ಕಾನೂನಾಯಿತು, 1984ರ ಕೆನಡಾ ಹೆಲ್ತ್ ಆಕ್ಟ್ ಅದನ್ನು ಗಟ್ಟಿ ಮಾಡಿತು. ಕೆಲಸ ಇರಲಿ ಬಿಡಲಿ, ಆ ಪ್ರಾಂತ್ಯದ ನಿವಾಸಿಯಾಗಿದ್ದರೆ ಕಾರ್ಡ್ ಸಿಗುತ್ತದೆ.

ಎಲ್ಲರ ಖರ್ಚನ್ನೂ ಎಲ್ಲರೂ ಹೊರುವ ಮನೆ ಇದು. ಹಾಗಾಗಿ ಬಾಗಿಲಲ್ಲೇ ತೂಕ ಹಾಕುತ್ತಾರೆ. 1967ರಲ್ಲಿ ಅಂಕದ ಪದ್ಧತಿ ಬಂತು. ಯಾವ ದೇಶ ಅನ್ನುವುದಕ್ಕಿಂತ ಓದು, ಭಾಷೆ, ಅನುಭವ, ವಯಸ್ಸು ಮುಖ್ಯವಾದವು. 2015ರಿಂದ, ಅಂಕ ನೋಡಿ ಅರ್ಜಿದಾರರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ಇದೆ. ಅಲ್ಲಿ ದೇಶವಾರು ಮಿತಿ ಇಲ್ಲ, ಇದು ನಮ್ಮವರಿಗೆ ದೊಡ್ಡ ಅನುಕೂಲ. ಆದರೆ ವಯಸ್ಸು ನೋಡಿ: 20ರಿಂದ 29ರ ಒಳಗೆ ಪೂರ್ತಿ ಅಂಕ, ಆಮೇಲೆ ಇಳಿಯುತ್ತಾ ಹೋಗಿ 45ಕ್ಕೆ ಸೊನ್ನೆ. ಜೊತೆಗೆ ಮೆಡಿಕಲ್ ಪರೀಕ್ಷೆ. ನಿಮ್ಮ ಕಾಯಿಲೆಯಿಂದ ಸರ್ಕಾರಕ್ಕೆ ಅತಿಯಾದ ಖರ್ಚು ಬೀಳುತ್ತದೆ ಅನ್ನಿಸಿದರೆ ಅರ್ಜಿ ತಿರಸ್ಕರಿಸಬಹುದು. ಕೆನಡಾದಲ್ಲಿ ನೆಲೆಸಿದವರು ಕರೆಸಿಕೊಳ್ಳುವ ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು, ಮತ್ತು ನಿರಾಶ್ರಿತರು ಇವರಿಗೆ ಇದರಿಂದ ವಿನಾಯಿತಿ ಇದೆ. ಆದರೆ ಕೆಲಸದ ಮೇಲೆ ಬರುವ ಕುಟುಂಬದಲ್ಲಿ ಒಂದು ಮಗುವಿಗೆ ಬೆಳವಣಿಗೆಯ ತೊಂದರೆ ಇದ್ದರೆ ಸಾಕು, ಇಡೀ ಮನೆಯ ಅರ್ಜಿ ನಿಂತುಹೋಗುತ್ತಿತ್ತು. ಜನ ಬಹಳ ಹೋರಾಡಿದ ಮೇಲೆ 2018ರಲ್ಲಿ ಖರ್ಚಿನ ಮಿತಿಯನ್ನು ಮೂರು ಪಟ್ಟು ಏರಿಸಿದರು, ವಿಶೇಷ ಶಿಕ್ಷಣದ ಖರ್ಚನ್ನು ಲೆಕ್ಕದಿಂದ ತೆಗೆದರು. ನಿಯಮ ಇನ್ನೂ ಇದೆ. ಕೆನಡಾವನ್ನು ನಾನು ಪ್ರೀತಿಸುತ್ತೇನೆ, ಆದರೂ ಮಗುವನ್ನು ಖರ್ಚಿನ ಲೆಕ್ಕದಲ್ಲಿ ನೋಡುವ ಈ ನಿಯಮ ನನಗೆ ಒಪ್ಪಿಗೆಯಿಲ್ಲ.

ಒಳಗೆ ಬಂದ ಮೇಲೂ ಎಲ್ಲ ಸುಸೂತ್ರ ಅಂದುಕೊಳ್ಳಬೇಡಿ. ನನ್ನ ಮಗ ಸ್ಕೇಟಿಂಗ್ ಮಾಡುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡ. ಇಮರ್ಜೆನ್ಸಿಯಲ್ಲಿ ಏಳು ಗಂಟೆ ಕಾದೆವು. ಕೈಗೆ ಐಸ್ ಪ್ಯಾಕ್, ಕಣ್ಣಲ್ಲಿ ನೀರು. ಎದುರಿಗೆ ಕೂತಿದ್ದ ಅಜ್ಜ ನಮಗಿಂತ ಮುಂಚೆ ಬಂದವರು, ನಾವು ಹೊರಟಾಗಲೂ ಅಲ್ಲೇ ಕೂತಿದ್ದರು. ಅದೇ ಮಗ ಮೂರು ವರ್ಷದವನಿದ್ದಾಗ ಜ್ವರಕ್ಕೆ ಡೆಟ್ರಾಯಿಟ್ ಕಡೆಯ ಇಮರ್ಜೆನ್ಸಿಗೆ ಹೋಗಿದ್ದೆವು. ಒಂದು ಗಂಟೆಯೊಳಗೆ ಡಾಕ್ಟರ್ ನೋಡಿದರು. ಆಮೇಲೆ ಮೂರು ತಿಂಗಳು ಮನೆಗೆ ಕವರ್ ಬರುತ್ತಲೇ ಇತ್ತು. ಮೊದಲು "ಇದು ಬಿಲ್ ಅಲ್ಲ" ಅಂತ ಬರೆದ ಕಾಗದ, ಆಮೇಲೆ ಆಸ್ಪತ್ರೆಯ ಬಿಲ್, ಆಮೇಲೆ ಡಾಕ್ಟರದ್ದು ಬೇರೆ, ಲ್ಯಾಬಿನದ್ದು ಬೇರೆ. ಒಂದು ಕಡೆ ಕಾಯುವುದು ಆಸ್ಪತ್ರೆಯಲ್ಲಿ, ಇನ್ನೊಂದು ಕಡೆ ಪೋಸ್ಟ್ ಡಬ್ಬಿಯ ಮುಂದೆ. ಕೆನಡಾದಲ್ಲಿ ಫ್ಯಾಮಿಲಿ ಡಾಕ್ಟರ್ ಸಿಗದ ಜನ ಲಕ್ಷಗಟ್ಟಲೆ ಇದ್ದಾರೆ. ಬೇರೆ ದೇಶದಲ್ಲಿ ಓದಿದ ಡಾಕ್ಟರುಗಳು ಅದೇ ಊರಿನಲ್ಲಿ ಲೈಸೆನ್ಸ್ ಇಲ್ಲದೆ ಬೇರೆ ಕೆಲಸ ಮಾಡುತ್ತಿರುತ್ತಾರೆ. ಅಂಕ ಕೊಟ್ಟು ಕರೆದು, ಬಂದ ಮೇಲೆ ಕೆಲಸ ಕೊಡದಿರುವುದು ಯಾವ ನ್ಯಾಯ?

ಔಷಧಿ ವಿಷಯ ಬೇಗ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಕೊಳ್ಳುವ ಮಾತ್ರೆ ಕೆನಡಾದಲ್ಲೂ ಎಲ್ಲರಿಗೂ ಪುಕ್ಕಟೆ ಅಲ್ಲ. ಆದರೆ ಬೆಲೆ ಮೇಲೆ ಸರ್ಕಾರದ ಹಿಡಿತ ಇದೆ. ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ ಟೊರೊಂಟೊದಲ್ಲಿ. ಕಂಡುಹಿಡಿದವರು ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಕೊಟ್ಟರು. 2019ರಲ್ಲಿ ಅಮೆರಿಕದ ಸಕ್ಕರೆ ಕಾಯಿಲೆಯವರು ಬಸ್ಸು ಮಾಡಿಕೊಂಡು ಇದೇ ವಿಂಡ್ಸರಿಗೆ ಇನ್ಸುಲಿನ್ ಕೊಳ್ಳಲು ಬಂದರು. ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರ ಜೊತೆಗಿದ್ದರು.

ಇನ್ನೂ ಕೆಳಗಿನ ಮೆಟ್ಟಿಲಲ್ಲಿರುವವರ ಬಗ್ಗೆ ಹೇಳಲೇಬೇಕು. ಅಮೆರಿಕದಲ್ಲಿ 1986ರ ಕಾನೂನಿನ ಪ್ರಕಾರ ಇಮರ್ಜೆನ್ಸಿಗೆ ಬಂದವರನ್ನು ನೋಡಲೇಬೇಕು. ಕಾಗದಪತ್ರ ಇರಲಿ ಇಲ್ಲದಿರಲಿ. ಇದು ದೊಡ್ಡ ಮಾತು. ಆದರೆ 1996ರಿಂದ ಗ್ರೀನ್ ಕಾರ್ಡ್ ಸಿಕ್ಕವರೂ ಮೆಡಿಕೇಡ್‌ಗೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಕೆನಡಾದಲ್ಲಿ 2012ರಲ್ಲಿ ಸರ್ಕಾರ ನಿರಾಶ್ರಿತರ ಚಿಕಿತ್ಸೆಯ ಹಣ ಕಡಿತ ಮಾಡಿತು. ಡಾಕ್ಟರುಗಳೇ ಬೀದಿಗಿಳಿದರು. 1962ರಲ್ಲಿ ಮುಷ್ಕರ ಹೂಡಿದ್ದ ಅದೇ ವೃತ್ತಿಯವರು! 2014ರಲ್ಲಿ ಫೆಡರಲ್ ಕೋರ್ಟ್ ಇದು ಕ್ರೂರ ನಡವಳಿಕೆ ಅಂದಿತು. 2016ರಲ್ಲಿ ಹಣ ಪೂರ್ತಿ ವಾಪಸ್ ಬಂತು.

ಈಗೀಗ ಎರಡೂ ಬಾಗಿಲು ಕಿರಿದಾಗುತ್ತಿವೆ. 2023ರ ಜುಲೈನಲ್ಲಿ ಅಮೆರಿಕದ ಎಚ್-1ಬಿ ಇರುವವರಿಗೆ ಕೆನಡಾ 10,000 ವರ್ಕ್ ಪರ್ಮಿಟ್ ಇಟ್ಟಾಗ ಎರಡು ದಿನದೊಳಗೆ ಅರ್ಜಿ ತುಂಬಿ ಹೋಯಿತು. ಮರು ವರ್ಷವೇ ಕೆನಡಾ ತನ್ನ ಗುರಿ ಇಳಿಸಿತು. 2025ಕ್ಕೆ 5,00,000 ಜನರಿಗೆ ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಅಂದಿದ್ದದ್ದು 3,95,000ಕ್ಕೆ ಬಂತು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊರಗಿನಿಂದ ಬರುವವರ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ಹೇಳಿತು. ಮನೆಗಳು ಸಾಲುತ್ತಿಲ್ಲ, ಆಸ್ಪತ್ರೆಗಳು ಸಾಲುತ್ತಿಲ್ಲ ಅನ್ನುವುದು ಗುರಿ ಇಳಿಸಿದ್ದಕ್ಕೆ ಕೆನಡಾ ಕೊಟ್ಟ ಕಾರಣ. ಆಸ್ಪತ್ರೆ ನಡೆಸುವವರಲ್ಲಿ ಎಷ್ಟು ಜನ ಹೊರಗಿಂದ ಬಂದವರು ಅನ್ನುವುದನ್ನು ಆ ಲೆಕ್ಕದಲ್ಲಿ ಸೇರಿಸಬೇಕಲ್ವಾ?

ಕೊನೆಗೆ ಅಪ್ಪ ಅಮ್ಮಂದಿರ ವಿಷಯ. ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದೇ. ಅಮೆರಿಕದಲ್ಲಿ ಮಕ್ಕಳು ಪ್ರಜೆಗಳಾದರೆ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಹಾಕಬಹುದು, ಸಂಖ್ಯೆಯ ಮಿತಿ ಇಲ್ಲ. ಬಾಗಿಲು ವಿಶಾಲ. ಒಳಗೆ ಬಂದ ಮೇಲೆ, 65 ದಾಟಿದ್ದರೂ, ಮೆಡಿಕೇರ್ ದುಡ್ಡು ಕೊಟ್ಟು ಕೊಳ್ಳಲಿಕ್ಕೂ ಐದು ವರ್ಷ ಅಲ್ಲೇ ಇದ್ದಿರಬೇಕು. ಕೆನಡಾದಲ್ಲಿ ಪಿಆರ್ ಸಿಕ್ಕಿದರೆ ಅಮ್ಮನಿಗೂ ನಮ್ಮದೇ ಹೆಲ್ತ್ ಕಾರ್ಡ್. ಆದರೆ ಆ ಪಿಆರ್‌ಗೆ ಆರಿಸುತ್ತಿದ್ದದ್ದು ಲಾಟರಿಯಿಂದ. 2020ರಲ್ಲಿ ಹೆಸರು ಕೊಟ್ಟವರಲ್ಲೇ ಮುಂದಿನ ವರ್ಷಗಳಲ್ಲೂ ಆರಿಸುತ್ತಾ ಹೋದರು. ಉಳಿದವರಿಗೆ ಸೂಪರ್ ವೀಸಾ. ಒಮ್ಮೆ ಬಂದರೆ ಐದು ವರ್ಷದವರೆಗೆ ಇರಬಹುದು, ಆದರೆ ಕನಿಷ್ಠ 1,00,000 ಡಾಲರಿನ ಇನ್ಶೂರೆನ್ಸ್ ನಾವೇ ಕೊಳ್ಳಬೇಕು.

ನಮ್ಮ ಅಮ್ಮ ಬಂದದ್ದು ಸೂಪರ್ ವೀಸಾದ ಮೇಲೆ. ನಾವು ಕೊಂಡ ಪಾಲಿಸಿ ಇಮರ್ಜೆನ್ಸಿಗೆ ಮಾತ್ರ, ಮಾಮೂಲಿ ಚೆಕಪ್ ಅದರಲ್ಲಿ ಇರಲಿಲ್ಲ. ಬಿಪಿ ಮಾತ್ರೆ ಊರಿಂದಲೇ ಆರು ತಿಂಗಳಿಗಾಗುವಷ್ಟು ಕಟ್ಟಿಕೊಂಡು ಬಂದಿದ್ದರು. ಇದು ಪಕ್ಕದ ಮನೆಯ ನರ್ಸ್ ಕಿವಿಗೆ ಬಿತ್ತು. ಆಮೇಲೆ ಪ್ರತಿ ಭಾನುವಾರ, ರಜಾ ಇದ್ದ ದಿನ, ಬಿಪಿ ಮೆಷಿನ್ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಅಮ್ಮನಿಗೆ ಇಂಗ್ಲಿಷ್ ಬಾರದು. ಸೀರೆಯ ಸೆರಗು ಸರಿಸಿ ತೋಳು ಚಾಚುತ್ತಿದ್ದರು. ಅವರು ಪಟ್ಟಿ ಸುತ್ತಿ, ಅಂಕಿ ನೋಡಿ, ಫ್ರಿಜ್ ಮೇಲೆ ಅಂಟಿಸಿದ್ದ ಹಾಳೆಯಲ್ಲಿ ತಾರೀಕು ಸಮೇತ ಬರೆದು, ಅಮ್ಮನ ಕೈ ಒಮ್ಮೆ ತಟ್ಟಿ ಹೋಗುತ್ತಿದ್ದರು.